ಅಣ್ಣನ ಅಂಕ, ತಮ್ಮನ ಅಂಕ

ಹಾಕಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಧ್ಯಾನಚಂದರ ಆಟ. ಇಲ್ಲವೇ ಮನೆತನಕ್ಕೊಂದು ತಂಡ ಕಟ್ಟಿ ಆಡುವ ಕೊಡಗಿನ ಮೈದಾನ. ನಾನಿಲ್ಲಿ ಹೇಳಹೊರಟಿರುವುದು ಬೇರೊಂದು ಹಾಕಿಯ ವಿಚಾರ. ಕೆನಡಾ ದೇಶದಲ್ಲಿ ಚಳಿಗಾಲ ಬಂತೆಂದರೆ ಕೆರೆಕುಂಟೆಗಳು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಉಕ್ಕಿನ ಅಲಗುಳ್ಳ ಬೂಟುಗಳನ್ನು ತೊಟ್ಟು ಆ ಮಂಜುಗಡ್ಡೆಯ ಮೇಲೆ ಜಾರುತ್ತ, ಚೆಂಡಿನ ಬದಲು ಮೂರು ಅಂಗುಲ ಅಗಲದ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಅಟ್ಟುತ್ತ, ಪಕ್ಷವೊಂದಕ್ಕೆ ಆರು ಮಂದಿಯಂತೆ ಆಡುವ ಆಟವೇ ಐಸ್ ಹಾಕಿ. ಗೋಲು ಹೊಡೆದವನಿಗೆ ಒಂದು ಅಂಕ. ಆ ಗೋಲಿಗೆ ಬಿಲ್ಲೆಯನ್ನು ಒದಗಿಸಿಕೊಟ್ಟವನಿಗೂ ಒಂದು ಅಂಕ. ಈ ಎರಡನೆಯ ಲೆಕ್ಕ ನನಗೆ ಬಹಳ ಮೆಚ್ಚುಗೆಯಾದುದು. ನಮ್ಮ ಪರೀಕ್ಷೆಗಳಲ್ಲಿ ಅಂಥದೊಂದು ಏರ್ಪಾಡಿಲ್ಲ.

ಈ ಆಟದ ಅಭಿಮಾನಿಗಳಲ್ಲಿ ಒಂದು ಹಾಸ್ಯದ ಮಾತು ಪ್ರಚಾರದಲ್ಲಿದೆ. ಅಮೆರಿಕ ಮತ್ತು ಕೆನಡಾದ ತಂಡಗಳು ಸೆಣಸುವ ನ್ಯಾಷನಲ್ ಹಾಕಿ ಲೀಗಿನಲ್ಲಿ ಸಹೋದರರಿಬ್ಬರು ಸೇರಿ ಗಳಿಸಿದ ಅತ್ಯಧಿಕ ಅಂಕಗಳ ದಾಖಲೆ ಗ್ರೆಟ್ಸ್‌ಕಿ ಸಹೋದರರದು. ಒಟ್ಟು 2861. ಅದರಲ್ಲಿ ಅಣ್ಣ ವೇಯ್ನ್‌ನ ಪಾಲು 2857. ತಮ್ಮ ಬ್ರೆಂಟ್‌ನ ಪಾಲು 4! ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷಗಳ ಅಧ್ಯಾಪನದಲ್ಲಿ ಇಂಥ ತಮ್ಮಂದಿರನ್ನೂ ತಂಗಿಯರನ್ನೂ ನಾನು ತರಗತಿಯ ಬೆಂಚುಗಳಲ್ಲಿ ನೋಡುತ್ತಲೇ ಬಂದಿದ್ದೇನೆ.

ಒಂಟಾರಿಯೋ ಪ್ರಾಂತದ ಬ್ರ್ಯಾಂಟ್‌ಫರ್ಡ್ ಇವರ ಊರು. ತಂದೆ ವಾಲ್ಟರ್ ಗ್ರೆಟ್ಸ್‌ಕಿ ಟೆಲಿಫೋನ್ ಕಂಪೆನಿಯ ನೌಕರ. ಸಿರಿವಂತರಲ್ಲ. ಚಳಿಗಾಲದಲ್ಲಿ ಮನೆಯ ಹಿತ್ತಿಲಿಗೆ ನೀರು ಹಾಯಿಸಿ, ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಿದ ಮೇಲೆ ಮಕ್ಕಳಿಗೆ ಆಟದ ಅಂಗಳ ಮಾಡಿಕೊಡುತ್ತಿದ್ದರು. ಮಂಜಿನ ಮೇಲೆ ಡಬ್ಬಿಗಳನ್ನಿಟ್ಟು ಅವುಗಳ ನಡುವೆ ಬಿಲ್ಲೆಯನ್ನು ನಡೆಸಲು ಕಲಿಸಿದರು. 1961ರಲ್ಲಿ ಹುಟ್ಟಿದ ವೇಯ್ನ್ ಎರಡರ ಪ್ರಾಯದಲ್ಲೇ ಮಂಜಿನ ಮೇಲೆ ಜಾರಲು ಕಲಿತ. ಹತ್ತು ವರ್ಷದವನಾಗಿದ್ದಾಗ ಬಾಲಕರ ಆಟದಲ್ಲಿ ಒಂದೇ ಋತುವಿನಲ್ಲಿ 378 ಗೋಲು ಹೊಡೆದ. ಮುಂದೆ ಎಡ್‌ಮಂಟನ್ ತಂಡದೊಂದಿಗೆ ನಾಲ್ಕು ಬಾರಿ ಸ್ಟ್ಯಾನ್‌ಲಿ ಕಪ್ ಗೆದ್ದು, 1999ರಲ್ಲಿ ನಿವೃತ್ತನಾದಾಗ ಅವನ 99ನೆಯ ಸಂಖ್ಯೆಯ ಅಂಗಿಯನ್ನು ಲೀಗಿನ ಯಾವ ತಂಡದಲ್ಲೂ ಇನ್ನಾರೂ ತೊಡಬಾರದೆಂದು ನಿಶ್ಚಯಿಸಿದರು. ಅವನ 894 ಗೋಲುಗಳ ದಾಖಲೆಯನ್ನು 2025ರಲ್ಲಿ ರಷ್ಯದ ಓವೆಚ್‌ಕಿನ್ ಮುರಿದನಾದರೂ ಒಟ್ಟು ಅಂಕಗಳ ದಾಖಲೆ ಹಾಗೆಯೇ ಉಳಿದಿದೆ.

ಇಷ್ಟನ್ನು ಓದಿದ ರಕ್ಷಕರು ಎರಡು ವರ್ಷದ ಕೂಸನ್ನು ಎತ್ತಿಕೊಂಡು ತರಬೇತಿ ಕೇಂದ್ರ ಹುಡುಕಲು ಹೊರಡಬಾರದಾಗಿ ಪ್ರಾರ್ಥನೆ! ಮುಂದಿನದನ್ನೂ ಓದಬೇಕು. ಹತ್ತು ವರ್ಷದ ಆ ಬಾಲಕ ಗೋಲು ಹೊಡೆದಾಗ ಗೇಲಿ ಮಾಡುತ್ತಿದ್ದವರು ಯಾರೆಂದುಕೊಂಡಿರಿ? ಬೇರೆ ಹುಡುಗರ ತಂದೆತಾಯಿಗಳು. ತಮ್ಮ ಮಕ್ಕಳಿಗೆ ಬಿಲ್ಲೆ ಸಿಗುವುದಿಲ್ಲವೆಂಬ ಹೊಟ್ಟೆಯುರಿ. ಈ ಕಿರುಕುಳ ಹೆಚ್ಚಾಗಿ, ಹದಿನಾಲ್ಕನೆಯ ವಯಸ್ಸಿನಲ್ಲಿ ವೇಯ್ನ್ ಮನೆ ಬಿಟ್ಟು ಟೊರಾಂಟೋ ನಗರದಲ್ಲಿ ಪರರ ಮನೆಯಲ್ಲಿದ್ದು ಆಡಬೇಕಾಯಿತು. ಕಲೋತ್ಸವದ ವೇದಿಕೆಯ ಪಕ್ಕದಲ್ಲಿ ನಿಂತು ತೀರ್ಪುಗಾರರೊಡನೆ ಜಗಳವಾಡುವ ಹಿರಿಯರನ್ನು ಕಂಡವರಿಗೆ ಇದು ಅಷ್ಟೇನೂ ವಿಚಿತ್ರವೆನಿಸದು.

ಇನ್ನು ತಮ್ಮಂದಿರ ಮಾತು. ಕೀತ್ ಎಂಬ ನಡುವಿನ ತಮ್ಮನನ್ನು 1985ರ ವಾರ್ಷಿಕ ಆಯ್ಕೆಯಲ್ಲಿ ಬಫೆಲೋ ತಂಡ ಆರಿಸಿಕೊಂಡಿತು. ಆದರೆ ದೊಡ್ಡ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡುವ ಯೋಗ ಬರಲಿಲ್ಲ. 1972ರಲ್ಲಿ ಹುಟ್ಟಿದ ಬ್ರೆಂಟ್ ಎಲ್ಲರಿಗಿಂತ ಕಿರಿಯವನು. 1991ರ ಆಯ್ಕೆಯಲ್ಲಿ ಅವನನ್ನು ಟಾಂಪಾ ಬೇ ತಂಡ 49ನೆಯವನಾಗಿ ಆರಿಸಿಕೊಂಡಿತು. 1993ರಿಂದ 95ರ ಒಳಗೆ ಆಡಿದ್ದು 13 ಪಂದ್ಯ. ಹೊಡೆದ ಗೋಲು ಒಂದು, ಒದಗಿಸಿಕೊಟ್ಟದ್ದು ಮೂರು. ಆಮೇಲೆಯೂ ಅವನು ಕೋಲನ್ನು ಮೂಲೆಗೆಸೆಯಲಿಲ್ಲ. ಕೆಳಹಂತದ ಲೀಗುಗಳಲ್ಲಿ ಊರಿಂದೂರಿಗೆ ತಂಡ ಬದಲಾಯಿಸುತ್ತ ಹಲವು ವರ್ಷ ವೃತ್ತಿಪರನಾಗಿಯೇ ಆಡಿದ. ಬೆನ್ನ ಮೇಲಿನ ಹೆಸರು ಮಾತ್ರ ಎಲ್ಲಿ ಹೋದರೂ ಅದೇ: ಗ್ರೆಟ್ಸ್‌ಕಿ. ಆ ಹೆಸರನ್ನು ಓದಿದ ಪ್ರೇಕ್ಷಕ ಅಂಗಳದಲ್ಲಿ ಹುಡುಕುವುದು ಯಾರನ್ನೆಂದು ಹೇಳಬೇಕಾಗಿಲ್ಲ.

ಅದೇ ಹಿತ್ತಿಲು, ಅದೇ ಮಂಜು, ಕಲಿಸಿದ ತಂದೆಯೂ ಅವರೇ. ಒಬ್ಬನಿಗೆ 2857, ಒಬ್ಬನಿಗೆ 4, ಒಬ್ಬನಿಗೆ ಸೊನ್ನೆ. ಮನೆಯ ವಾತಾವರಣವೊಂದಿದ್ದರೆ ಸಾಕು ಎಂದು ನಾವು ಅಧ್ಯಾಪಕರೂ ಸಭೆಗಳಲ್ಲಿ ಹೇಳುವುದುಂಟು. ವಾತಾವರಣವೆಂಬುದು ಅಂಗಳವನ್ನು ಕೊಡುತ್ತದೆ, ಅಂಕವನ್ನಲ್ಲ ಎಂದು ನನ್ನ ಅಭಿಪ್ರಾಯ. ಮೇಲಾಗಿ ಆ 4 ಎಂಬುದು ಸಣ್ಣ ಸಂಖ್ಯೆಯೇ? ಕೆನಡಾದಲ್ಲಿ ಮಂಜಿನ ಮೇಲೆ ಕೋಲು ಹಿಡಿಯದ ಹುಡುಗರು ವಿರಳ. ಅವರಲ್ಲಿ ಆ ಲೀಗಿನ ಅಂಗಿ ತೊಟ್ಟು ಒಂದು ಪಂದ್ಯ ಆಡಿದವರು ಬೆರಳೆಣಿಕೆಯ ಮಂದಿ. ಬ್ರೆಂಟ್ ಬೇರೆ ಯಾರದಾದರೂ ಮನೆಯಲ್ಲಿ ಹುಟ್ಟಿದ್ದರೆ ಊರವರು ಮೆರವಣಿಗೆ ಮಾಡುತ್ತಿದ್ದರೋ ಏನೋ. ಗ್ರೆಟ್ಸ್‌ಕಿಯ ಮನೆಯಲ್ಲಿ ಹುಟ್ಟಿದ್ದರಿಂದ ಅವನ ಸಾಧನೆ ನಗೆಹನಿಯಾಯಿತು.

ನಮ್ಮಲ್ಲಿಯೂ ರಕ್ಷಕ-ಶಿಕ್ಷಕ ಸಭೆಗೆ ಬಂದವರು ಕಿರಿಯವನ ಉತ್ತರಪತ್ರಿಕೆ ಕೈಗೆ ಬರುವ ಮೊದಲೇ, "ಇವನ ಅಣ್ಣನಿಗೆ ಗಣಿತದಲ್ಲಿ ಎಷ್ಟಿತ್ತು ಗೊತ್ತಲ್ಲ ಮಾಷ್ಟ್ರೇ?" ಎಂದು ಸುರುಮಾಡುತ್ತಾರೆ. ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ. ಅವನು ಕಳೆದ ಪರೀಕ್ಷೆಗಿಂತ ಹನ್ನೆರಡು ಅಂಕ ಹೆಚ್ಚು ತೆಗೆದಿದ್ದರೂ ಆ ಮಾತಿಗೆ ಅಲ್ಲಿ ಎಡೆ ಸಿಗುವುದಿಲ್ಲ. ಇದು ಪ್ರೀತಿಯಿಂದ ಆಡುವ ಮಾತೇ ಹೌದು. ಆದರೂ ಅದು ಅನ್ಯಾಯ.

ಗ್ರೆಟ್ಸ್‌ಕಿ ಮನೆಯಲ್ಲಿ ನನಗೆ ಹಿಡಿಸಿದ್ದು ಮುಂದಿನ ಸಂಗತಿ. ಕೀತ್ ಆಟದಿಂದ ದೂರ ಹೋಗಲಿಲ್ಲ. ಎಳೆಯ ಆಟಗಾರರನ್ನು ಗುರುತಿಸುವ ಕೆಲಸದಲ್ಲಿ ಹೆಸರು ಮಾಡಿ, ಅಣ್ಣ ಮೆರೆದ ಎಡ್‌ಮಂಟನ್ ತಂಡದ ಆಡಳಿತದಲ್ಲೇ ದೊಡ್ಡ ಹುದ್ದೆಗೇರಿದ. ವೇಯ್ನ್‌ನ ಮಗ ಟ್ರೆವರ್ ಹಾಕಿಯನ್ನು ಬಿಟ್ಟು ಬೇಸ್‌ಬಾಲ್ ಹಿಡಿದ. 2011ರಲ್ಲಿ ಶಿಕಾಗೋದ ತಂಡವೊಂದು ಅವನನ್ನು ಆರಿಸಿಕೊಂಡಿತು. ಬ್ರೆಂಟ್ ಕೋಲನ್ನು ಕೆಳಗಿಟ್ಟ ಮೇಲೆ ಒಂಟಾರಿಯೋ ಪ್ರಾಂತದ ಪೊಲೀಸ್ ಇಲಾಖೆಗೆ ಸೇರಿದ. ಅಲ್ಲಿ ಗೋಲುಗಳ ಲೆಕ್ಕವಿಲ್ಲ.