ಮಳೆ ಇಲ್ಲವೆಂದರೆ ಸುದ್ದಿಯೂ ಇಲ್ಲವೇ?

'ಉತ್ತರ ಒಳನಾಡಿನಲ್ಲಿ ಒಣ ಹವೆ ಮುಂದುವರಿಯಲಿದೆ.' ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಹವಾಮಾನ ವರದಿ ಈ ನಾಲ್ಕು ಮಾತಿಗೆ ಇಳಿದುಬಿಡುತ್ತದೆ. ಜೂನ್ ತಿಂಗಳಲ್ಲಿ ಇದೇ ವರದಿಗೆ ಎಷ್ಟು ಸಡಗರ! ಮುಂಗಾರು ಕೇರಳಕ್ಕೆ ಬಂತು, ಕಾರವಾರ ಮುಟ್ಟಿತು, ಘಟ್ಟ ಹತ್ತಿತು ಎಂದು ಬೀಗರ ದಿಬ್ಬಣ ಬರುವಾಗಿನಂತೆ ಹೆಜ್ಜೆ ಹೆಜ್ಜೆಗೂ ಸುದ್ದಿ. ನವೆಂಬರ್ ಬಂದಾಗ ದಿಬ್ಬಣ ಹೋದ ಮೇಲಿನ ಹಂದರ, ಕೇಳುವವರಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹೆಣ್ಣುಮಕ್ಕಳಿಗೆ ವರ್ಷದ ದೊಡ್ಡ ಆತಂಕ ಶುರುವಾಗುವುದೇ ಆಗ ಎಂಬುದು ವರದಿ ಬರೆಯುವವರಿಗೆ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನ.

ನನ್ನ ತವರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಹೆಸರು ಕೇಳಿದ ಬೆಂಗಳೂರಿನ ಗೆಳತಿಯರು ಅಲ್ಲಿ ಅರಮನೆಯೇನಾದರೂ ಇದೆಯೇ ಎನ್ನುತ್ತಾರೆ. ಇಲ್ಲಮ್ಮ, ಹೊಲ ಇದೆ. ಮುಂಗಾರಿನಲ್ಲಿ ಕುಡಿದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಳಿಗಾಲದವರೆಗೂ ಬೆಳೆಗೆ ಗುಟುಕು ಗುಟುಕಾಗಿ ಕೊಡುವ ಎರೆಭೂಮಿ ಇದೆ. ನವೆಂಬರಿನಲ್ಲಿ ಆ ಹೊಲಗಳನ್ನು ನೋಡಬೇಕು. ಆಳೆತ್ತರದ ತೊಗರಿ ಹಳದಿ ಹೂವು ಬಿಟ್ಟು ನಿಂತಿರುತ್ತದೆ, ಅಲ್ಲಲ್ಲಿ ಎಳೆ ಕಾಯಿ ಹಿಡಿದಿರುತ್ತದೆ. ಹಿಂಗಾರಿ ಬಿಳಿಜೋಳ ಇನ್ನೂ ಮೊಣಕಾಲುದ್ದ. ಕಡಲೆ ನೆಲಕ್ಕಂಟಿಕೊಂಡು ಹರಡುತ್ತಿರುತ್ತದೆ. ಜೇವರ್ಗಿ ಕಡೆ ಹತ್ತಿ ಬಿಡಿಸುವ ಕೆಲಸ. ಒಂದೊಂದು ಬೆಳೆಗೂ ಒಂದೊಂದು ಹವೆ ಬೇಕು. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ಇಬ್ಬನಿ ಬಿದ್ದರೆ ಜೋಳಕ್ಕೆ ಸುಖ, ಹತ್ತಿ ಬಿಡಿಸುವವಳಿಗೆ ಕಷ್ಟ. ಹಸಿ ಹತ್ತಿಗೆ ಪೇಟೆಯಲ್ಲಿ ಬೆಲೆ ಮುರಿಯುತ್ತಾರೆ. ಇಬ್ಬನಿ ಆರುವತನಕ ಕೂತಳೋ, ಕಿಲೋ ಲೆಕ್ಕದ ಕೂಲಿಯಲ್ಲಿ ಅವಳ ಅರ್ಧ ಹೊತ್ತು ಹೋಯಿತು. ಕಡಲೆ ಗಿಡದ ಮೇಲಿನ ಹುಳಿಯನ್ನು ನಸುಕಿನಲ್ಲಿ ತೆಳ್ಳನೆಯ ಅರಿವೆ ಹಾಸಿ, ಹಿಂಡಿ, ಸೀಸೆಯಲ್ಲಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದ ಅಜ್ಜಿಯರಿದ್ದರು. ಒಂದು ತುಂತುರು ಮಳೆ ಬಂದರೆ ಆ ಹುಳಿಯೆಲ್ಲ ತೊಳೆದುಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಈ ಎಲ್ಲ ಸೂಕ್ಷ್ಮಕ್ಕೂ ಸರಕಾರದ ವರದಿಯಲ್ಲಿ ಒಂದೇ ಹೆಸರು: ಒಣ ಹವೆ.

ಎಲ್ಲಕ್ಕಿಂತ ಕೆಟ್ಟದ್ದು ಮೋಡ. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿಯುತ್ತದೆ. ಮಳೆಯನ್ನು ಆಂಧ್ರದ, ತಮಿಳುನಾಡಿನ ಕರಾವಳಿಯೇ ಪಡೆದುಕೊಳ್ಳುತ್ತದೆ, ಉಳಿದ ಮೋಡ ತೆಲಂಗಾಣ ದಾಟಿ ನಮ್ಮ ನೆತ್ತಿಯ ಮೇಲೆ ಬಂದು ಕೂರುತ್ತದೆ. ಮೂರು ದಿನ, ನಾಲ್ಕು ದಿನ. ಒಂದು ಹನಿ ಬೀಳುವುದಿಲ್ಲವಾದ್ದರಿಂದ ವರದಿಯ ಪ್ರಕಾರ ಅದೂ ಒಣ ಹವೆಯೇ. ಕಲಬುರಗಿಯ ನಮ್ಮ ಓಣಿಯಲ್ಲಿ ಆ ದಿನ ಎಲ್ಲರಿಗೂ ಖುಷಿ. ತಂಪಾಗಿದೆ, ಮಿರ್ಚಿ ಭಜಿ ಮಾಡೋಣ ಅನ್ನುತ್ತಾರೆ. ಅದೇ ಹೊತ್ತಿಗೆ ನಮ್ಮ ವೈನಿ ತೊಗರಿ ಹೊಲದ ಬದುವಿನಲ್ಲಿ ನಿಂತು ಮೇಲೆ ನೋಡುತ್ತಿರುತ್ತಾಳೆ. "ಮಳಿ ಬಂದ್ರ ಒಂದು ಲೆಕ್ಕ, ಬರಲಿಲ್ಲಂದ್ರ ಒಂದು ಲೆಕ್ಕ. ಹಿಂಗ ಮಾಡ ಹಾಕ್ಕೊಂಡು ಕುಂತ್ರ ಲೆಕ್ಕಾನೇ ಹತ್ತಂಗಿಲ್ಲ ನೋಡವ್ವ" ಎಂದು ಫೋನಿನಲ್ಲಿ ಹೇಳುತ್ತಾಳೆ. ಮೋಡದ ದಿನಗಳಲ್ಲಿ ತೊಗರಿಯ ಹೂವು ಉದುರುತ್ತದೆ. ಆ ತಂಪಿನಲ್ಲಿ ಕಾಯಿಕೊರಕದ ಪತಂಗ ಮೊಗ್ಗಿನ ಮೇಲೂ ಹೂವಿನ ಮೇಲೂ ತತ್ತಿ ಇಡುತ್ತದೆ. ಕೆಲವೇ ದಿನಗಳಲ್ಲಿ ಹಸಿರು ಹುಳ ಕಾಯಿಯೊಳಗೆ ತಲೆ ಹಾಕಿ, ಅರ್ಧ ಮೈ ಹೊರಗೆ ಬಿಟ್ಟುಕೊಂಡು, ಕಾಳು ತಿನ್ನುತ್ತದೆ. ತತ್ತಿಯ ಹಂತದಲ್ಲೋ ಮರಿಹುಳದ ಹಂತದಲ್ಲೋ ಗೊತ್ತಾದರೆ ಉಪಾಯವಿದೆ. ಗಿಡದ ಬುಡಕ್ಕೆ ಚಾದರ ಹಾಸಿ ಗಿಡ ಅಲ್ಲಾಡಿಸಿದರೆ ಹುಳ ಪಟಪಟನೆ ಉದುರುತ್ತವೆ. ಕೋಳಿಗೆ ಹಬ್ಬ. ಇದನ್ನು ವಿಜ್ಞಾನಿಗಳೂ ಒಪ್ಪಿ ಹೇಳಿದ್ದಾರೆ. ಹುಳ ಬೆಳೆದ ಮೇಲೆ ಗೊತ್ತಾದರೆ ಔಷಧಿ ಅಂಗಡಿಯ ಉದ್ರಿಯೇ ಗತಿ. ಸಿಂಪಡಿಸುವವನು ಗಂಡಸು ಸರಿ, ಅದಕ್ಕೆ ಕೊಡ ಕೊಡ ನೀರು ಹೊರುವವರು ಯಾರು?

ಇದು ಬರೀ ಅಡುಗೆಮನೆಯ ಕೊರಗೆಂದು ಯಾರಾದರೂ ಭಾವಿಸಿದರೆ ಅವರಿಗೆ 1997-98ರ ಹಂಗಾಮನ್ನು ನೆನಪು ಮಾಡಿಕೊಡಬೇಕು. ಅಕಾಲದ ಮಳೆ, ಮೋಡ, ಕಾಯಿಕೊರಕ ಮೂರೂ ಸೇರಿ ಆ ವರ್ಷ ಬೀದರ್, ಗುಲ್ಬರ್ಗ ಜಿಲ್ಲೆಗಳ ತೊಗರಿಯನ್ನು ಮುಗಿಸಿದವು. ರೈತರ ಆತ್ಮಹತ್ಯೆ ಎಂಬ ಮಾತು ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆಗಲೇ. ಸತ್ತವರ ಲೆಕ್ಕ ಬರೆದುಕೊಂಡರು. ಹಿಂದೆ ಉಳಿದು, ಸಾಲವನ್ನೂ ಮಕ್ಕಳನ್ನೂ ಸೆರಗಿಗೆ ಕಟ್ಟಿಕೊಂಡು ಕೂಲಿಗೆ ಹೋದ ಹೆಂಗಸರ ಲೆಕ್ಕ ಯಾವ ಪುಟಕ್ಕೂ ಬರಲಿಲ್ಲ. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಸೂಚಿಕೆಯ ಗೌರವ ಸಿಕ್ಕಿತು. ಚೀಲದ ಮೇಲೆ ಕಲಬುರಗಿ ತೊಗರಿ ಬೇಳೆ ಎಂದು ಅಚ್ಚು ಹಾಕಿಕೊಳ್ಳಬಹುದು. ಸಂತೋಷ. ಆ ಬೇಳೆಯ ಹಣೆಬರಹ ಬರೆಯುವ ಮೂರು ದಿನದ ಮೋಡಕ್ಕೆ ಮಾತ್ರ ಇನ್ನೂ ಹೆಸರಿಲ್ಲ.

ಹವಾಮಾನ ಇಲಾಖೆಯವರು ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 1875ರಿಂದ ನಡೆದುಬಂದ ಇಲಾಖೆ ಅದು, ಉಪಗ್ರಹಗಳಿವೆ, ಬುದ್ಧಿವಂತರಿದ್ದಾರೆ. ಆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆ ಹೇಗಿರುತ್ತದೆಂದು ದಕ್ಷಿಣ ಭಾರತಕ್ಕೆಂದೇ ಅವರು ಕೊಡುವ ಮುನ್ನೋಟ ಯಾರಿಗೆ ಅನ್ವಯಿಸುತ್ತದೆ ಗೊತ್ತೇ? ತಮಿಳುನಾಡು, ಕೇರಳ, ಆಂಧ್ರದ ಕರಾವಳಿ, ರಾಯಲಸೀಮೆ, ಕರ್ನಾಟಕದ ದಕ್ಷಿಣ ಒಳನಾಡು. ಈ ಐದೇ. ಉತ್ತರ ಒಳನಾಡು ಆ ಎಣಿಕೆಯಲ್ಲಿಲ್ಲ. ನಮಗೆ ಈ ತಿಂಗಳುಗಳಲ್ಲಿ ಬೀಳುವ ಮಳೆ ಕಡಿಮೆ, ಅದಕ್ಕೇ ಬಿಟ್ಟಿದ್ದಾರೆ ಎನ್ನುತ್ತಾರೆ. ಇದು ಮನೆಯಲ್ಲಿ ಕಡಿಮೆ ಉಣ್ಣುವವಳಿಗೆ ಬಡಿಸುವುದನ್ನೇ ಮರೆತ ಹಾಗಾಯಿತು. ಕಡಿಮೆ ಇರುವುದರಿಂದಲೇ ಅಲ್ಲವೇ ಒಂದು ಹದ ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ನಮ್ಮ ಜೋಳದ ತೆನೆ ನಿಂತಿರುವುದು? ನಮ್ಮ ಹಿರಿಯರು ಚಿತ್ತಾ, ಸ್ವಾತಿ, ವಿಶಾಖಾ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು ಕಾದರು. ಹೆಸರಿಟ್ಟಷ್ಟೂ ಗಮನ ಇತ್ತೆಂದೇ ಅರ್ಥ.

ಇನ್ನೂ ಸೋಜಿಗದ ಸಂಗತಿ ಕೇಳಿ. ಮೋಡದ ಲೆಕ್ಕ ಸರಕಾರದ ಬಳಿ ಇಲ್ಲವೆಂದಲ್ಲ. ಮಂಗಳವಾರ, ಶುಕ್ರವಾರ ಹೊರಡುವ ಕೃಷಿ ಹವಾಮಾನ ಪ್ರಕಟಣೆಯಲ್ಲಿ ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡ ಎಂದು ಮುಂದಿನ ಐದು ದಿನಕ್ಕೆ ಬರೆಯುತ್ತಾರೆ. ಬೆಳಗಿನ ತೇವ, ಸಂಜೆಯ ತೇವ, ಗಾಳಿ ಎಲ್ಲವೂ ಇರುತ್ತದೆ. ನಮ್ಮ ರಾಜ್ಯದಲ್ಲಂತೂ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಕೂರಿಸಿದ್ದಾರೆ. ಕೇಳಿದವರಿಗೆ ಹೇಳಲು 'ವರುಣ ಮಿತ್ರ' ಸಹಾಯವಾಣಿ ಮಾಡಿದ್ದಾರೆ. ಅಳೆಯುವುದು ಅಷ್ಟು ಅಚ್ಚುಕಟ್ಟು. ಆದರೆ ಎಂಟರಲ್ಲಿ ಏಳು ಪಾಲು ಎಂದರೆ ನಾಳೆ ಚಾದರ ತೆಗೆದುಕೊಂಡು ಹೊಲಕ್ಕೆ ಹೋಗು ಎಂದು ವೈನಿಗೆ ಬಿಡಿಸಿ ಹೇಳುವವರು ಯಾರು? ಅದಕ್ಕೆಂದೇ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹವಾಮಾನ ಘಟಕಗಳನ್ನು ತೆರೆದಿದ್ದರು. ದೇಶದಲ್ಲಿ ಅಂಥ 199 ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಲು ಹೇಳಿದರು. ಯಂತ್ರ ಉಳಿಯಿತು, ಬಾಯಿ ಹೋಯಿತು.

2020ರ ಅಕ್ಟೋಬರಿನಲ್ಲಿ ಕಾಕಿನಾಡದ ಬಳಿ ದಡ ದಾಟಿದ ವಾಯುಭಾರ ಕುಸಿತ ನಮ್ಮ ಮೇಲೆ ಹಾದುಹೋದಾಗ ಭೀಮೆ ಉಕ್ಕಿತು. ಅಫಜಲಪುರ, ಜೇವರ್ಗಿಯ ನದಿದಂಡೆಯ ಹಳ್ಳಿಗಳು ನೀರಲ್ಲಿ ನಿಂತವು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಕಥೆ. ಪ್ರವಾಹಕ್ಕೆ ದೋಣಿ ಬಂತು, ಕ್ಯಾಮೆರಾ ಬಂತು, ವೈಮಾನಿಕ ಸಮೀಕ್ಷೆ ನಡೆಯಿತು. ಬರಬೇಕಾದದ್ದೇ. ಮೋಡಕ್ಕೆ ಹೂವು ಉದುರಿದ ಹೊಲವನ್ನು ವಿಮಾನದಿಂದ ನೋಡಿದರೆ ಏನು ಕಾಣುತ್ತದೆ? ಹಚ್ಚಗಿರುತ್ತದೆ.

ಇನ್ನು ಬೆಳೆವಿಮೆ. ಕೊಯ್ದು ಹರವಿದ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲ ಮಳೆಗೆ ಸಿಕ್ಕರೆ 72 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮವೇ. ಆದರೆ ತಿಳಿಸಬೇಕಾದವರು ವಿಮೆ ಮಾಡಿಸಿದವರು, ವಿಮೆ ಬಹುಪಾಲು ಪಹಣಿಯ ಹೆಸರಿನಲ್ಲಿ, ಪಹಣಿ ಗಂಡಸಿನ ಹೆಸರಿನಲ್ಲಿ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಹದಿನಾಲ್ಕು. ಆ ಗಂಡಸು ಪುಣೆಗೋ ಮುಂಬಯಿಗೋ ದುಡಿಯಲು ಹೋಗಿದ್ದರೆ? ಒಮ್ಮೆ ನನ್ನಣ್ಣ ಊರಲ್ಲಿಲ್ಲದಾಗ ಹೊಲ ನೋಡಲು ಬಂದ ಒಬ್ಬರು, ಬದುವಿನ ಮೇಲೆ ನಿಂತ ವೈನಿಯನ್ನು "ಮನ್ಯಾಗ ಗಂಡಸರು ಯಾರೂ ಇಲ್ಲೇನಮ್ಮ?" ಎಂದು ಕೇಳಿ, ಇಲ್ಲವೆಂದಾಗ ಮೋಟರ್ ಸೈಕಲ್ ತಿರುಗಿಸಿಕೊಂಡು ಹೋದರು. ಬಿತ್ತುವಾಗ, ಕಳೆ ತೆಗೆಯುವಾಗ, ಕೊಯ್ಯುವಾಗ, ರಾಶಿ ಮಾಡುವಾಗ ಯಾರೂ ಕೇಳದ ಪ್ರಶ್ನೆ ಅದು. ಹವಾಮಾನದ ಸಂದೇಶವೂ ಹೋಗುವುದು ಅದೇ ಗಂಡಸಿನ ಮೊಬೈಲಿಗೆ, ಅವನು ಇರುವ ಪುಣೆಗೆ.

ಪೇಟೆಯಲ್ಲಿರುವ ನಾವು ಇದಕ್ಕೇನು ಮಾಡಬಹುದು ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಅರ್ಧ ಜನರ ತವರು ಹಳ್ಳಿಯೇ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಕಾರಿನಲ್ಲಿ ಹೋಗಿ ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಆ ಹೊಲದವರ ಪರವಾಗಿ ಒಂದು ಅರ್ಜಿ ಬರೆಯಲು ಬರುವುದಿಲ್ಲವೇ? ಕೇಳಬೇಕಾದದ್ದು ದೊಡ್ಡದೇನಲ್ಲ. ಊರೂರಿಗೆ ಅಂಗನವಾಡಿ ಇದೆ, ಸ್ವಸಹಾಯ ಸಂಘವಿದೆ. ಅಂಗನವಾಡಿಯ ಗೋಡೆಯ ಮೇಲೆ ಒಂದು ಕರಿಹಲಗೆ. ವಾರಕ್ಕೆ ಎರಡು ಸಲ, ಆ ಮಂಗಳವಾರ ಶುಕ್ರವಾರದ ಪ್ರಕಟಣೆಯನ್ನು ಓದಿ, ಊರಿನ ಮಾತಿನಲ್ಲಿ ಅಲ್ಲಿ ಬರೆಯಬೇಕು: 'ಬುಧವಾರದಿಂದ ಮೂರು ದಿನ ಮಾಡ ಇರ್ತದ, ಮಳಿ ಇಲ್ಲ. ತೊಗರಿ ಗಿಡ ಅಲ್ಲಾಡಿಸಿ ನೋಡ್ರಿ. ಮುಂಜಾನೆ ಇಬ್ಬನಿ ಭಾಳ, ಹತ್ತಿ ಬಿಡಿಸಲಿಕ್ಕೆ ತಡಾ ಮಾಡಿ ಹೋಗ್ರಿ. ಕೊಯ್ದಿದ್ದು ಇದ್ರ ಗೂಡು ಹಾಕಿ ತಾಡಪತ್ರಿ ಮುಚ್ಚರಿ.' ಬರೆಯಲು ಐದು ನಿಮಿಷ ಸಾಕು. ಹಣ ಮಂಜೂರಾಗಿಲ್ಲ ಎನ್ನುತ್ತಾರಾದರೆ, ಕಿಣ್ಣಿ ಸುಲ್ತಾನದ ಹಲಗೆಗೆ ಬೇಕಾದ ಬಳಪ ನಾನು ಕೊಡಿಸುತ್ತೇನೆ.