ಕಿರ್ದಿ ಸುಟ್ಟರೆ ಲೆಕ್ಕ ತೀರೀತೇ?



ವ್ಯಾಪಾರಸ್ಥರ ಮನೆಯ ಮಕ್ಕಳಿಗೂ ಗೊತ್ತಿರುವ ಮಾತಿದು. ಲೆಕ್ಕದಲ್ಲಿ ತಕರಾರು ಬಂದರೆ ಕಿರ್ದಿ, ಖಾತೆ ಎರಡನ್ನೂ ಬಿಚ್ಚಿಡಬೇಕು. ನಾಲ್ಕು ಜನರ ಎದುರು ಓದಬೇಕು. ತಪ್ಪಿದ್ದವರು ಒಪ್ಪಿಕೊಳ್ಳಬೇಕು. ಪುಸ್ತಕಕ್ಕೇ ಬೆಂಕಿ ಇಟ್ಟವನನ್ನು ಪೇಟೆಯಲ್ಲಿ ಯಾರೂ ಸಾಚಾ ಎನ್ನುವುದಿಲ್ಲ. ಅವನ ಬಳಿ ಲೆಕ್ಕವೇ ಇರಲಿಲ್ಲವೆಂದು ತಿಳಿಯುತ್ತಾರೆ.

ವಿಚಾರದ ತಕರಾರಿಗೂ ಇದೇ ನ್ಯಾಯ ಸಲ್ಲಬೇಕಲ್ಲವೇ? ಆದರೆ ನಮ್ಮ ಗಡಿಯ ಆಚೆ ಈಚೆಯಲ್ಲೇ ಮಾತಿಗೆ ಗುಂಡಿನ ಉತ್ತರ ಸಿಕ್ಕಿದ್ದನ್ನು ಕಂಡಿದ್ದೇವೆ.

2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ ಡಾ. ನರೇಂದ್ರ ದಾಭೋಳ್ಕರ್ ಅವರನ್ನು ಗುಂಡಿಟ್ಟು ಕೊಂದರು. ಅವರು ವೈದ್ಯರು, ‘ಸಾಧನಾ’ ವಾರಪತ್ರಿಕೆಯ ಸಂಪಾದಕರು, ಮೂಢನಂಬಿಕೆಯ ವಿರುದ್ಧ ಊರೂರು ತಿರುಗಿದವರು. 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ದಂಪತಿಗಳ ಮೇಲೆ ಗುಂಡು ಹಾರಿತು. ನಾಲ್ಕು ದಿನಗಳಲ್ಲಿ ಪಾನ್ಸರೆಯವರು ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಹತ್ಯೆ ಅವರ ಮನೆಯಲ್ಲೇ ನಡೆಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಸರದಿ ಬಂತು.

‘ಅವರ ಮಾತು ನಮಗೆ ಒಪ್ಪಿಗೆಯಿಲ್ಲ’ ಎಂದು ಕೆಲವರು ಹೇಳಬಹುದು. ಒಪ್ಪದಿರುವುದು ತಪ್ಪಲ್ಲ. ಒಪ್ಪಿದ ಮಾತಿಗೆ ಯಾರ ರಕ್ಷಣೆಯೂ ಬೇಕಿಲ್ಲ. ಅದನ್ನು ಎಲ್ಲರೂ ಹಾರ ಹಾಕಿ ಸ್ವಾಗತಿಸುತ್ತಾರೆ. ರಕ್ಷಣೆ ಬೇಕಾದದ್ದು ಒಪ್ಪದ ಮಾತಿಗೇ. ವಸ್ತುವಿಗೆ ಹಲವು ಮುಖಗಳುಂಟು, ಒಬ್ಬನಿಗೆ ಕಂಡಷ್ಟೇ ಪೂರ್ತಿ ಸತ್ಯವಲ್ಲ ಎಂಬ ಅನೇಕಾಂತದ ಪಾಠ ಕಲಿತ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಹಿಂಸೆ ಪಿಸ್ತೂಲಿನಿಂದ ಮೊದಲಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕಲಬುರ್ಗಿಯವರ ‘ಮಾರ್ಗ’ ಗ್ರಂಥದ ಮೊದಲ ಸಂಪುಟಕ್ಕೆ ಉಗ್ರ ವಿರೋಧ ಬಂದಾಗ, 1989ರಲ್ಲೇ ಅವರು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ವಿದ್ವಾಂಸನಾಗಿ ಅಂದೇ ಸತ್ತೆ ಎಂಬರ್ಥದಲ್ಲಿ ನೊಂದು ನುಡಿದಿದ್ದರು. ಬೆದರಿಕೆಗೆ ಒಮ್ಮೆ ಬೆಲೆ ಸಿಕ್ಕರೆ ಅದು ಮತ್ತೆ ಮತ್ತೆ ಬಾಗಿಲಿಗೆ ಬರುತ್ತದೆ. ದುಡ್ಡು ವಸೂಲಿಗೆ ಬರುವ ಪುಂಡರ ಕಾಟ ಬಲ್ಲ ಅಂಗಡಿಯವರಿಗೆ ಇದು ಹೊಸದಲ್ಲ.

ಅದೇ 1989ರಲ್ಲಿ ಸುಪ್ರೀಂ ಕೋರ್ಟು ಒಂದು ತಮಿಳು ಚಲನಚಿತ್ರದ ಮೊಕದ್ದಮೆಯಲ್ಲಿ ದೊಡ್ಡ ಮಾತು ಹೇಳಿತು. ಎಸ್. ರಂಗರಾಜನ್ ಮೊಕದ್ದಮೆಯೆಂದು ಅದು ಪ್ರಸಿದ್ಧ. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು ಬರೆದ ಆ ತೀರ್ಪಿನ ಸಾರ ಇಷ್ಟು: ಗಲಭೆಯಾದೀತೆಂಬ ಬೆದರಿಕೆಗೆ ಮಣಿದು ಮಾತಿನ ಸ್ವಾತಂತ್ರ್ಯವನ್ನು ಅದುಮಬಾರದು; ಗಲಭೆ ಮಾಡುವವರನ್ನು ತಡೆಯುವುದು, ಮಾತಾಡುವವರನ್ನು ಕಾಯುವುದು ಸರ್ಕಾರದ ಹೊಣೆ. ಮಾನಹಾನಿಯಾದವರಿಗೆ ನ್ಯಾಯಾಲಯದ ದಾರಿ ತೆರೆದೇ ಇದೆ.

ಕೊಂದವರು ಅಂದುಕೊಂಡಂತೆ ಮಾತು ನಿಲ್ಲಲಿಲ್ಲ ಎಂಬುದೇ ಸಮಾಧಾನ. ದಾಭೋಳ್ಕರರು ಬಿದ್ದ ಸೇತುವೆಯ ಮೇಲೆ ಅವರ ಸಂಗಾತಿಗಳು ತಿಂಗಳು ತಿಂಗಳೂ 20ನೇ ತಾರೀಖು ಸೇರಿದರು. ಕೊಲ್ಹಾಪುರದ ಜನ ಬೆಳಗಿನ ‘ನಿರ್ಭಯ’ ನಡಿಗೆ ನಡೆಸಿದರು. ‘ಸಾಧನಾ’ ವಾರವಾರ ಬರುತ್ತಲೇ ಇತ್ತು. 2015ರಲ್ಲಿ ದೇಶದ ಹಲವು ಭಾಷೆಗಳ ಲೇಖಕರು ಪ್ರಶಸ್ತಿಗಳನ್ನು ಹಿಂತಿರುಗಿಸಿದರು. ನ್ಯಾಯ ಮಾತ್ರ ಬಹಳ ತಡವಾಯಿತು. ದಾಭೋಳ್ಕರ್ ಪ್ರಕರಣದಲ್ಲಿ ಇಬ್ಬರಿಗೆ ಪುಣೆಯ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಮೇ 10ರಂದು, ಮೂವರು ಬಿಡುಗಡೆಯಾದರು.

‘ನಮಗೇಕೆ ಬೇಕು ಈ ಉಸಾಬರಿ? ಗಿರಾಕಿ ಎಲ್ಲ ಪಕ್ಷದವರೂ ಬರುತ್ತಾರೆ’ ಎನ್ನುವುದು ನಮ್ಮ ಹಳೆಯ ಜಾಣತನ. ಯಾರೂ ಬೀದಿಗೆ ಇಳಿಯಬೇಕೆಂದು ನಾನು ಹೇಳುತ್ತಿಲ್ಲ. ಕೇಳುವುದು ಇಷ್ಟೇ. ಇಂಥ ಸುದ್ದಿ ಬಂದ ದಿನ ಗಾದಿಯ ಮೇಲಾಗಲಿ, ಊಟದ ಹೊತ್ತಿನಲ್ಲಾಗಲಿ, ‘ತಕ್ಕ ಶಾಸ್ತಿಯಾಯಿತು’ ಎಂಬ ಮಾತು ನಮ್ಮ ಬಾಯಿಂದ ಬರದಿರಲಿ. ಯಾರಾದರೂ ಅಂದರೆ, ‘ಅವರ ವಿಚಾರ ನನಗೂ ಒಪ್ಪಿಗೆಯಿಲ್ಲ, ಆದರೆ ಕೊಲೆ ಉತ್ತರವಲ್ಲ’ ಎಂದು ಸ್ಪಷ್ಟವಾಗಿ ಹೇಳೋಣ. ಪಕ್ಕದಲ್ಲೇ ಕೂತು ಉಣ್ಣುವ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಿರುತ್ತಾರೆ. ಲೆಕ್ಕ ಬಿಚ್ಚಿ ತೋರಿಸುವುದನ್ನು ಅವರು ನಮ್ಮಿಂದಲೇ ಕಲಿಯಬೇಕು.