ಎರಡು ತ್ರಿಕೋಣ ಗುಡ್ಡಗಳ ನಡುವಿನ ಸೂರ್ಯ

ಆದವಾನಿ, ಆಲೂರು ಸೀಮೆಯ ಯಾವುದಾದರೊಂದು ಕನ್ನಡ ಶಾಲೆಯಲ್ಲಿ 'ನಿಮ್ಮ ಊರಿನ ಚಿತ್ರ ಬರೆಯಿರಿ' ಎಂದು ಮಕ್ಕಳಿಗೆ ಹೇಳಿ ನೋಡೋಣ. ಹೆಚ್ಚಿನ ಹಾಳೆಗಳ ಮೇಲೆ ಮೂಡುವುದು ಒಂದೇ ಚಿತ್ರ: ಎರಡು ತ್ರಿಕೋಣ ಗುಡ್ಡ, ನಡುವೆ ಅರ್ಧ ಸೂರ್ಯ, ನೀಲಿ ಹೊಳೆ, ತೆಂಗಿನ ಮರ, ಗುಡಿಸಲು. ಆದವಾನಿಯ ಕೋಟೆಗುಡ್ಡಗಳು ತ್ರಿಕೋಣಗಳಲ್ಲ. ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ನಿಂತವು. ತಪ್ಪು ಮಕ್ಕಳದಲ್ಲ. ಕಣ್ಣು ಕಂಡುದನ್ನು ಬಿಟ್ಟು ಕೈ ಕಲಿತುದನ್ನೇ ಬರೆಯುವಂತೆ ತಿದ್ದಿದ ನಮ್ಮದು.

ರೇಖೆಯೇ ಚಿತ್ರ, ಬಣ್ಣವು ಅದರೊಳಗೆ ತುಂಬುವ ಅಲಂಕಾರ ಮಾತ್ರ ಎಂಬ ವಾದ ನಮ್ಮಲ್ಲಿ ಇನ್ನೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿಯೂ ಈ ವಾದವಿತ್ತು. ಆಂಗ್ರ್ ರೇಖೆಯ ಪಕ್ಷದವನಾದರೆ, ದೆಲಾಕ್ರ್ವಾ ಬಣ್ಣದ ಪಕ್ಷದವನು. ಈ ದೆಲಾಕ್ರ್ವಾ 1832ರಲ್ಲಿ ಒಂದು ರಾಜತಾಂತ್ರಿಕ ನಿಯೋಗದೊಡನೆ ಮೊರಾಕೊ ದೇಶಕ್ಕೆ ಹೋದನು. ಹಿಂದಿರುಗುವಾಗ ಆಲ್ಜಿಯರ್ಸ್ ನಗರವನ್ನೂ ಕಂಡನು. ಪಯಣದ ಪುಸ್ತಕಗಳಲ್ಲಿ ಅವಸರದ ರೇಖೆಗಳ ಪಕ್ಕದಲ್ಲಿ ಬಣ್ಣಗಳ ಹೆಸರುಗಳನ್ನು ಮಾತಿನಲ್ಲಿ ಬರೆದಿಟ್ಟನು. ಆ ಕೆಲವು ತಿಂಗಳ ನೆನಪು 1863ರಲ್ಲಿ ಅವನು ತೀರಿಕೊಳ್ಳುವವರೆಗೂ ಅವನ ಕುಂಚವನ್ನು ಬಿಡಲಿಲ್ಲ. ಆಲ್ಜಿಯರ್ಸಿನ ಸ್ತ್ರೀಯರನ್ನು 1834ರಲ್ಲಿ ಚಿತ್ರಿಸಿದವನು 1849ರಲ್ಲಿ ಅದೇ ಕೋಣೆಯನ್ನು ಮತ್ತೆ ಚಿತ್ರಿಸಿದನು. ಎರಡನೆಯದರಲ್ಲಿ ಸ್ತ್ರೀಯರು ಹಿಂದಕ್ಕೆ ಸರಿದಿದ್ದಾರೆ, ನೆರಳು ದಟ್ಟವಾಗಿದೆ. ಕೋಣೆ ಅದೇ, ಬದಲಾದುದು ನೆನೆಯುವವನ ಮನಸ್ಸು. ಆ ಬದಲಾವಣೆಯನ್ನು ಹೇಳಿದುದು ಬಣ್ಣ. ಇದನ್ನು ಅಲಂಕಾರವೆಂದು ಹೇಗೆ ಕರೆಯೋಣ?

ಹಾಗಾದರೆ ಮನಸ್ಸಿಗೆ ಬಂದ ಬಣ್ಣ ಬಳಿದರಾಯಿತೇ ಎಂದು ಕೇಳುವವರುಂಟು. ಅಲ್ಲ. ನಮ್ಮ ಕೆ. ವೆಂಕಟಪ್ಪನವರನ್ನು (1886-1965) ನೋಡಬೇಕು. ಮೈಸೂರು ಸಂಸ್ಥಾನದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಇವರು, ಊಟಿ ಮತ್ತು ಕೊಡೈಕೆನಾಲಿನ ಮಂಜು, ಬೆಳಕು, ಬೆಟ್ಟಗಳನ್ನು ಜಲವರ್ಣದಲ್ಲಿ ಅಪಾರ ತಾಳ್ಮೆಯಿಂದ ಹಿಡಿದರು. ಅಲ್ಲಿ ಭಾವವು ನೋಟದ ನಿಷ್ಠೆಯಿಂದಲೇ ಹುಟ್ಟಿತು. ನೋಡದವನಿಗೆ ನೆನಪಿಲ್ಲ, ನೆನಪಿಲ್ಲದವನ ಬಣ್ಣದಲ್ಲಿ ಭಾವವೂ ಇಲ್ಲ.

'ನಮ್ಮದು ಬರಗಾಲದ ಸೀಮೆ, ಇಲ್ಲಿ ಚಿತ್ರಕ್ಕೇನಿದೆ' ಎಂಬ ಮಾತನ್ನಂತೂ ನಾವು ಒಪ್ಪಲಾರೆವು. 1953ರಲ್ಲಿ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದುವು. ಗಡಿ ಸರಿಯಿತು, ಎರೆಹೊಲದ ಕಪ್ಪು ಸರಿಯಲಿಲ್ಲ. ಒಡೆದ ಹತ್ತಿಯ ಬಿಳುಪು, ಒಣಗಲು ಹರಡಿದ ಮೆಣಸಿನಕಾಯಿಯ ಕೆಂಪು, ಮಸಾರಿ ನೆಲದ ಧೂಳು, ಎಮ್ಮಿಗನೂರಿನ ಮಗ್ಗದ ನೂಲು, ಮಂತ್ರಾಲಯದ ಬಳಿ ಬೇಸಿಗೆಯ ತುಂಗಭದ್ರೆಯ ಬಂಡೆಗಳು: ಇವು ಬಣ್ಣಗಳಲ್ಲವೇ? ದೆಲಾಕ್ರ್ವಾ ಅನ್ಯನೆಲದ ಅತಿಥಿ. ಫ್ರಾನ್ಸಿನ ಸೇನೆ 1830ರಲ್ಲಿ ವಶಪಡಿಸಿಕೊಂಡ ಊರಿಗೆ ಹೋದವನು. ಅವನು ಕಂಡುದು ಕೆಲವು ದಿನ. ನಮ್ಮ ಮಕ್ಕಳು ಈ ನೆಲವನ್ನು ಹುಟ್ಟಿದಂದಿನಿಂದ ಕಂಡಿದ್ದಾರೆ.

ಬಣ್ಣದ ಪೆಟ್ಟಿಗೆಗೆ ಹಣವಿಲ್ಲವೆಂಬುದು ನಿಜವಾದ ತೊಂದರೆ. ಅದಕ್ಕೆ ದೆಲಾಕ್ರ್ವಾನ ಪುಸ್ತಕವೇ ಉತ್ತರ. ಮಕ್ಕಳನ್ನು ಹಂಪಿಗೆ ಪ್ರವಾಸ ಕರೆದೊಯ್ದು, ಬಂದ ಮೇಲೆ ಇಸವಿಗಳ ಪ್ರಬಂಧ ಬರೆಯಿಸುತ್ತೇವೆ. ಇನ್ನು ಮುಂದೆ ಒಂದು ಪೆನ್ಸಿಲನ್ನೂ ಕೊಡೋಣ. ಕಂಡ ಬಂಡೆಯನ್ನು ಗೀಚಲಿ; ಪಕ್ಕದಲ್ಲಿ ಕಂದು, ಬೂದು, ಹೊಂಬಣ್ಣ ಎಂದು ತಮ್ಮ ಕನ್ನಡದಲ್ಲಿ ಬರೆದುಕೊಳ್ಳಲಿ. ತಿಂಗಳ ತರುವಾಯ ಆ ಪುಟವನ್ನು ತೆರೆದು, ನೆನಪಿನಿಂದ ಚಿತ್ರ ಬರೆಯಲಿ. ಬಣ್ಣಕ್ಕೆ ತನ್ನ ನುಡಿಯಲ್ಲಿ ಹೆಸರಿಡಬಲ್ಲ ಮಗು ತನ್ನ ನೆಲವನ್ನು ಹೀನವೆಂದು ಎಣಿಸದು.

ಉಪಾಧ್ಯಾಯ ಬಂಧುಗಳೇ, ಮೊದಲು ಕರಿಹಲಗೆಯ ಮೇಲಿನ ಆ ಎರಡು ತ್ರಿಕೋಣಗಳನ್ನು ಅಳಿಸೋಣ. ಆಮೇಲೆ ಕಿಟಕಿಯನ್ನು ತೆರೆಯೋಣ.